ಪಟ್ಟಿ ಹೊಡೆಯುವ ಗನ್

ಮೊಳೆ ಹೊಡೆಯುವ ಗನ್ ತರಲು ಕುಮಟೆ ಹತ್ತಿರದ ಬಾಡ ಊರಿನ ದಿನಕರ ಭಟ್ಕಳಕ್ಕೆ ಹೋದ. ಕುಮಟೆಯಲ್ಲಿ ಅಂಗಡಿ ಇರಲಿಲ್ಲವೆಂದಲ್ಲ. ಬಸ್ ಸ್ಟ್ಯಾಂಡಿನ ಹತ್ತಿರವೇ ಎರಡು ಹಾರ್ಡ್‌ವೇರ್ ಅಂಗಡಿಗಳಿದ್ದವು. ಆದರೆ ಆ ಎರಡೂ ಅಂಗಡಿಯವರಿಗೆ ಅವನ ಗುರುತಿತ್ತು. ಅವನ ತಾಯಿ ಈರಮ್ಮನ ಗುರುತು ಅದಕ್ಕಿಂತ ಹೆಚ್ಚಿತ್ತು. ಕುಮಟೆಯ ಮೀನು ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಬುಟ್ಟಿ ಇಟ್ಟುಕೊಂಡು ಕೂತವಳು ಅವಳು. ‘ಗನ್ ಎಂತಕ್ಕೆ ದಿನಕರ?’ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಅದಕ್ಕೇ ಬಸ್ಸು ಹತ್ತಿ, ಹೊನ್ನಾವರ ದಾಟಿ, ಗುರುತಿಲ್ಲದ ಊರಿಗೆ ಹೋದ.

ಹೇಳಬಾರದ ಸಂಗತಿ ಇಷ್ಟೇ: ಈರಮ್ಮನಿಗೆ ಕಣ್ಣು ಹೋಗಿತ್ತು. ಸಕ್ಕರೆ ಕಾಯಿಲೆ ಎರಡು ವರ್ಷದಲ್ಲಿ ಎರಡೂ ಕಣ್ಣನ್ನು ತಿಂದು ಮುಗಿಸಿತ್ತು. ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವಳು ಅಳಲಿಲ್ಲ. ಮನೆಗೆ ಬಂದು ಮಗ ಸೊಸೆಯರನ್ನು ಎದುರು ಕೂರಿಸಿಕೊಂಡಳು.

“ಇದು ಈ ಮನೆ ಬಾಗಿಲು ದಾಟಬಾರ್ದು. ನಾನು ಸತ್ತ ಮೇಲೆ ಬೇಕಾರೆ ಡಂಗುರ ಹೊಡ್ಸಿ. ಅಲ್ಲೀವರೆಗೆ ಯಾರಾರೂ ಬಾಯಿ ಬಿಟ್ರೆ ಈ ಮನೆ ಗಂಜಿ ನಾ ಕುಡಿಯೂದಿಲ್ಲ.”

ಕಣ್ಣಿಲ್ಲದವರನ್ನು ಮಂದಿ ಹೇಗೆ ನಡೆಸಿಕೊಳ್ಳುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಅವಳ ಪ್ರಾಯಕಾಲದಲ್ಲಿ ಮಾರ್ಕೆಟ್ಟಿನ ಮೂಲೆಯಲ್ಲಿ ಕುರುಡಿಯೊಬ್ಬಳು ಸಿಗಡಿ ಮಾರುತ್ತಿದ್ದಳು. ಗಿರಾಕಿಗಳು ಅವಳ ಹತ್ತಿರ ಕಿವುಡಿಯ ಹತ್ತಿರ ಮಾತಾಡಿದ ಹಾಗೆ ಕಿರುಚುತ್ತಿದ್ದರು. ಅವಳು ಎದುರಿಗೇ ಕೂತಿದ್ದರೂ ಇಲ್ಲವೇ ಇಲ್ಲವೆಂಬಂತೆ ಅವಳ ವಿಷಯ ಆಡಿಕೊಳ್ಳುತ್ತಿದ್ದರು. ಈರಮ್ಮ ತಾನೂ ಆಡಿಕೊಂಡವಳೇ. ಆ ಪಾಲು ತನಗೆ ಬರುವುದು ಬೇಡವಾಗಿತ್ತು.

ಹಾಗಾಗಿ ಆ ಮನೆಯಲ್ಲಿ ಒಂದು ಆಟ ಶುರುವಾಯಿತು. ಅಕ್ಕಪಕ್ಕದವರು ಅಂಗಳಕ್ಕೆ ಕಾಲಿಟ್ಟ ಕೂಡಲೇ ಸೊಸೆ ಸುಚಿತಾ ಒಳಗಿಂದಲೇ ಕೂಗುತ್ತಿದ್ದಳು: “ಓ ಸೋಮಕ್ಕ, ಎಂತ ಇವತ್ತು ಹಸಿರು ಸೀರೆ!” ಜಗಲಿಯ ಮೇಲೆ ಕೂತ ಈರಮ್ಮ ಅದನ್ನು ಹಿಡಿದುಕೊಂಡು, “ಬಾ ಸೋಮಿ, ಹಸಿರು ನಿಂಗೆ ಚಂದ ಕಾಣ್ತದೆ, ಮಗಳು ತಂದದ್ದಾ?” ಎನ್ನುತ್ತಿದ್ದಳು. ಸೋಮಿ ಪಕ್ಕದ ಮನೆಯವಳು, ಈರಮ್ಮನ ಜೊತೆ ಮಾರ್ಕೆಟ್ಟಿನಲ್ಲಿ ಕೂತವಳು. ಅವಳೇ ಒಂದೂವರೆ ವರ್ಷ ಮೋಸ ಹೋದಳೆಂದ ಮೇಲೆ ಉಳಿದವರ ಮಾತೇನು?

ಎದುರಿನ ಅಂಗಳದ ಆಟ ನಡೆಯಿತು. ಹಿತ್ತಲಿನದು ನಡೆಯಲಿಲ್ಲ. ಅಡುಗೆಮನೆಯ ಹಿಂಬಾಗಿಲಿನಿಂದ ಮೂರು ಕಲ್ಲಿನ ಮೆಟ್ಟಿಲು ಇಳಿದು, ಹನ್ನೆರಡು ಹೆಜ್ಜೆ ನಡೆದರೆ ಬಚ್ಚಲು, ಅದರ ಪಕ್ಕ ಪಾಯಖಾನೆ. ಅಷ್ಟು ದೂರಕ್ಕೆ ಸೊಸೆ ಕೈ ಹಿಡಿದು ಕರೆದುಕೊಂಡು ಹೋಗಬೇಕಾಗಿತ್ತು. ಈರಮ್ಮ ಅದನ್ನು ಹಲ್ಲು ಕಚ್ಚಿ ಸಹಿಸಿದಳು. ಆಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಕುಡಿದರೆ ತಾನೇ ಹೋಗಬೇಕು? ಸಕ್ಕರೆ ಕಾಯಿಲೆಯ ಮುದುಕಿ ದಿನಕ್ಕೆ ಎರಡು ಲೋಟ ನೀರಿನಲ್ಲಿ ಬದುಕುತ್ತಿದ್ದಾಳೆಂದು ಸುಚಿತಾಳಿಗೆ ತಿಳಿದದ್ದು, ಹಾಸಿಗೆಯ ಪಕ್ಕದ ತಂಬಿಗೆ ಮೂರು ದಿನವಾದರೂ ತುಂಬಿದ ಹಾಗೇ ಇದ್ದಾಗ.

“ಹೋಯ್, ಹಿಡ್ಕಂಡು ಹೋಗೂಕೆ ಒಂದು ಕೈಪಟ್ಟಿ ಮಾಡಿ. ಬಾಗಿಲಿಂದ ಬಚ್ಚಲವರೆಗೆ,” ಎಂದಳು ಗಂಡನಿಗೆ. “ಆಚಾರಿ ಕರದ್ರೆ ಒಂದು ದಿನದ ಕೆಲಸ.”

“ಆಚಾರಿ ಬಂದ್ರೆ ಊರೇ ಬಂದ ಹಾಂಗೆ. ನಾನೇ ಮಾಡ್ತೆ.”

ಮಾಡುತ್ತೇನೆ ಎಂದದ್ದು ಸುಲಭ. ಆರು ವರ್ಷದ ಹಿಂದೆ ಬೋಟಿನ ವಿಂಚಿನ ಹಗ್ಗ ದಿನಕರನ ಎಡಗೈಯನ್ನು ಸುತ್ತಿಕೊಂಡು ಎಳೆದಿತ್ತು. ಐದು ಬೆರಳೂ ಉಳಿದವು, ಹಿಡಿತ ಉಳಿಯಲಿಲ್ಲ. ಅಂದಿನಿಂದ ಸಮುದ್ರ ಬಿಟ್ಟು ಐಸ್ ಫ್ಯಾಕ್ಟರಿಯಲ್ಲಿ ಕೂತು ಮಾಡುವ ಕೆಲಸ. ಬೇಲಿಗೆಂದು ಸುಳ್ಳು ಹೇಳಿ ಸಾಮಿಲ್ಲಿನಲ್ಲಿ ಮತ್ತಿಯ ಗೂಟ, ಹಲಸಿನ ಪಟ್ಟಿ ಕೊಯ್ಯಿಸಿ ತಂದ. ಗೂಟ ಹುಗಿದು ಸಿಮೆಂಟು ಹಾಕಿದ್ದೂ ಆಯಿತು. ಮೊಳೆ ಹೊಡೆಯುವಲ್ಲಿ ಸೋತ. ಎಡಗೈಯ ಬೆರಳುಗಳ ನಡುವೆ ಮೊಳೆ ನಿಲ್ಲಲಿಲ್ಲ. ಸುಚಿತಾ ಮೊಳೆ ಹಿಡಿದಳು, ಅವನು ಹೊಡೆದ. ಮೂರನೇ ಪೆಟ್ಟು ಅವಳ ಹೆಬ್ಬೆರಳ ಮೇಲೆ ಬಿತ್ತು. ಅವಳು ಕೂಗಲಿಲ್ಲ, ಬೆರಳನ್ನು ಬಾಯಿಗೆ ಹಾಕಿಕೊಂಡು ಕೂತಳು. ಕೂಗಿದ್ದು ಅವನು. ಯಾರಿಗೆ ಬೈದನೋ ಅವನಿಗೇ ಗೊತ್ತಿಲ್ಲ, ಸುತ್ತಿಗೆಯನ್ನು ಬೇಲಿಯಾಚೆ ಒಗೆದ. ಅವಳೇ ಹೋಗಿ ಹೆಕ್ಕಿಕೊಂಡು ಬಂದಳು.

ಒಂದು ಕೈಯಲ್ಲಿ ಮೊಳೆ ಹೊಡೆಯುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದು ಅದಾದ ಮೇಲೆ. ಗಡ್ಡದವನೊಬ್ಬ ಗನ್ನಿನ ಮೂತಿಯನ್ನು ಹಲಗೆಗೆ ಒತ್ತಿ ಟಪ್ ಟಪ್ ಎನ್ನಿಸುತ್ತ ಹೋಗುತ್ತಿದ್ದ. ಮೊಳೆ ಹಿಡಿಯುವವರು ಯಾರೂ ಬೇಡ.

ಭಟ್ಕಳದ ಅಂಗಡಿಯ ಯಜಮಾನರು ಮೀರಾನ್ ಸಾಹೇಬರು, ಬಿಳಿ ಗಡ್ಡದ ನಿಧಾನದ ಮನುಷ್ಯ. ಗಾಜಿನ ಮೇಜಿನ ಮೇಲೆ ಮೂರು ಗನ್ ತಂದಿಟ್ಟರು.

“ಇದು ಗಾಳೀದು. ಕಂಪ್ರೆಸರ್ ಬೇಕು, ಪೈಪು ಬೇಕು. ದಿನಾ ಕೆಲಸ ಇರೂರಿಗೆ. ಇದು ದೊಡ್ಡದು, ಮನೆ ಮಾಡಿನ ರೀಪು ಪಕಾಸಿಗೆ, ಬೆರಳುದ್ದದ ಮೊಳೆ ಹೊಡೀತದೆ. ಎತ್ತಿ ನೋಡಿ, ನಾಲ್ಕು ಕೇಜಿ. ಇದು ಬ್ಯಾಟ್ರೀದು, ಸಣ್ಣ ಮೊಳೇದು. ನಿಮ್ಮ ಕೆಲಸ ಎಂತದು ಭಾಯ್?”

“ಮರದ ಕೆಲಸ.”

“ಮರದ್ದೇ, ಗೊತ್ತಾತು. ಮರದಲ್ಲಿ ಎಂತದು?”

“ಪಟ್ಟಿ ಹೊಡೂದು.”

“ಯಾವ ಪಟ್ಟಿ?”

“ಪಟ್ಟಿ ಅಂದ್ರೆ ಪಟ್ಟಿ! ನೀವು ಗನ್ ಮಾರ್ತ್ರೋ, ನನ್ನ ಜಾತಕ ಬರೀತ್ರೋ?”

ಸಾಹೇಬರು ಅವನ ಮುಖ ನೋಡಿದರು. ಆಮೇಲೆ ಎಡಗೈ ನೋಡಿದರು. ಗಿರಾಕಿಯ ಸಿಟ್ಟಿನ ಕಾರಣ ಸಿಕ್ಕಿತೆಂದುಕೊಂಡು ಮೆತ್ತಗೆ ಕೇಳಿದರು: “ಬಾಗಿಲ ಚೌಕಟ್ಟಿಗೆ ಹೊಡೀತಾರಲ್ಲ, ಆ ಪಟ್ಟಿಯಾ?”

“ಹೌದು, ಅದೇ,” ಎಂದ ದಿನಕರ. ಹಾಗೆಂದರೆ ಪ್ರಶ್ನೆ ಮುಗಿಯುತ್ತದೆ. ಯಾವ ಪಟ್ಟಿಯಾದರೇನು, ಮರಕ್ಕೆ ಮರ ಹಿಡಿದುಕೊಂಡರೆ ಸೈ.

ಸಾಹೇಬರು ಸಣ್ಣ ಗನ್ನನ್ನೇ ಮುಂದೆ ಸರಿಸಿದರು. ಎರಡು ಅಂಗುಲದ, ದಪ್ಪ ಸೂಜಿಯಂಥ ಮೊಳೆಗಳ ಕಟ್ಟು ತುಂಬಿಸಿ ಒಂದು ತುಂಡು ಹಲಗೆಗೆ ಹೊಡೆದು ತೋರಿಸಿದರು. “ಮೂತಿ ಮರಕ್ಕೆ ಒತ್ತಿರ್ಬೇಕು. ಒತ್ತದೆ ಕುದುರೆ ಎಳೆದ್ರೆ ಹೊಡಿಯೂದಿಲ್ಲ, ಅದು ಜೀವ ಉಳಿಸೂ ಏರ್ಪಾಡು. ಗಂಟಿದ್ದಲ್ಲಿ ಹೊಡೀಬೇಡಿ, ಮೊಳೆ ಒಳಗೇ ತಿರುಗಿ ಪಕ್ಕದಲ್ಲಿ ಹೊರಗೆ ಬರ್ತದೆ. ಇನ್ನೊಂದು ಕೈ ಒಂದು ಗೇಣು ದೂರ ಇರ್ಲಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮೊಳೆ ತುಂಬುವಾಗ ಬ್ಯಾಟ್ರಿ ತೆಗೀರಿ.”

ದಿನಕರ ಎಲ್ಲವನ್ನೂ ಸರಿಯಾಗಿ ಕೇಳಿಸಿಕೊಂಡ. ಒಂದನ್ನೂ ಮರೆಯಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಕನ್ನಡಕ ಹಾಕಿಕೊಂಡ. ಪಟ್ಟಿಯನ್ನು ಗೂಟಗಳ ಬದಿಗೆ ತಾಗಿಸಿ ಎಡ ಭುಜದಿಂದ ಒತ್ತಿ ಹಿಡಿದ, ಬಲಗೈಯಲ್ಲಿ ಗನ್ ಎತ್ತಿ ಮೂತಿ ಒತ್ತಿದ. ಟಪ್. ಮೊಳೆಯ ತಲೆ ಕೂಡ ಕಾಣಲಿಲ್ಲ, ಮರದೊಳಗೆ ಮುಳುಗಿತ್ತು. ಆರು ವರ್ಷದಲ್ಲಿ ಮೊದಲ ಸಲ ಅವನ ಒಂದು ಕೈ ಎರಡು ಕೈಯ ಕೆಲಸ ಮಾಡಿತು. ಅವನು ನಕ್ಕದ್ದನ್ನು ಸುಚಿತಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು, ನೋಡಿದೆ ಎಂದು ಹೇಳಲಿಲ್ಲ.

“ಅದೆಂತದೋ, ಹಗಲು ಹೊತ್ತಲ್ಲಿ ಪಟಾಕಿ ಹೊಡೀತ್ಯಾ?” ಎಂದು ಈರಮ್ಮ ಒಳಗಿಂದ ಕೂಗಿದಳು.

ಬೇಲಿಯಾಚೆಯಿಂದ ಸೋಮಿ ಇಣುಕಿದಳು. “ಎಂತ ದಿನಕರ ಅದು?”

“ಬಟ್ಟೆ ಒಣಗಿಸೂಕೆ.”

“ಬಟ್ಟೆಗಾ? ಇಷ್ಟು ಗಿಡ್ಡಕೆ? ನಿಮ್ಮ ಮನೇಲಿ ಯಾರು ಮಾರಾಯಾ ಲಂಗೋಟಿ ಉಡೂರು?”

“ನಿಂಗೆ ಬೇಕಾರೆ ಒಂದು ಕೊಡ್ತೆ, ಹೋಗೇ ಆಚೆ!”

ಮಧ್ಯಾಹ್ನದ ಊಟದ ಹೊತ್ತಿಗೆ ಕೈಪಟ್ಟಿ ಮುಗಿಯಿತು. ಉಪ್ಪು ಕಾಗದ ಹಾಕಿ ಉಜ್ಜಿ ಸಿಬಿರಿಲ್ಲದಂತೆ ಮಾಡಿದ. ಈರಮ್ಮ ಹಿಂಬಾಗಿಲಲ್ಲಿ ನಿಂತು ಕೈಯಿಟ್ಟಳು. ಒಂದು ಮೆಟ್ಟಿಲು, ಎರಡು, ಮೂರು. ಬಚ್ಚಲವರೆಗೆ ಹೋದಳು. ಯಾರ ಕೈಯೂ ಇಲ್ಲದೆ ತಿರುಗಿ ಬಂದಳು. ಮತ್ತೆ ಹೋದಳು. ಅಗತ್ಯವಿಲ್ಲದೆ ನಾಲ್ಕು ಸಲ ಹೋಗಿ ಬಂದು, ಒಲೆಯ ಹತ್ತಿರ ಕೂತು, “ಒಂದು ತಂಬಿಗೆ ನೀರು ಕೊಡೇ ಸುಚಿತಾ,” ಎಂದಳು. ಪೂರ್ತಿ ಕುಡಿದಳು.

ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕಲ್ಲಿನ ಮೆಟ್ಟಿಲು ಹನಿ ಬಿದ್ದು ಒದ್ದೆಯಾಗಿತ್ತು. ಈರಮ್ಮನ ಕಾಲು ಎರಡನೆಯ ಮೆಟ್ಟಿಲಲ್ಲಿ ಜಾರಿತು. ಕೈಪಟ್ಟಿ ಇದ್ದದ್ದು ಇಂಥ ಹೊತ್ತಿಗೇ. ಅವಳು ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಜಗ್ಗಿದಳು. ಪಟ್ಟಿ ಗೂಟ ಬಿಟ್ಟು ಅವಳ ಜೊತೆಗೇ ಬಂತು.

ದಿನಕರ ಓಡಿ ಬಂದಾಗ ತಾಯಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು, ಬಲಗೈ ಮೈಯ ಅಡಿಗೆ ಸಿಕ್ಕಿತ್ತು. ಪಟ್ಟಿಯ ತುದಿಯಲ್ಲಿ ಮೊಳೆಗಳು ಬಂಗಡೆಯ ಮುಳ್ಳಿನ ಹಾಗೆ ಹೊರಗೆ ಚಾಚಿಕೊಂಡಿದ್ದವು. ಉಪ್ಪುಗಾಳಿಗೆ ಆಗಲೇ ಕಂದುಬಣ್ಣ ಬಂದಿತ್ತು. ಇಷ್ಟು ತೆಳುವಾದ ಮೊಳೆಗಳನ್ನು ಹೊಡೆದವನು ತಾನೇ. ಹೊಡೆಯುವಾಗ ಅವು ಮರದೊಳಗೆ ಮುಳುಗಿ ಕಣ್ಣಿಗೆ ಬಿದ್ದಿರಲಿಲ್ಲ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಕುಮಟೆಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ ಡಾಕ್ಟರು ಹೇಗಾಯಿತೆಂದು ಕೇಳಿದರು.

“ಕಾಲು ಜಾರ್ತು. ಮಗ ಹಿಡ್ಕಂಡು ಹೋಗು ಅಂತ ಪಟ್ಟಿ ಹೊಡ್ದು ಕೊಟ್ಟಿದ್ದ. ನಾನೇ ಸೊಕ್ಕು ಮಾಡಿ ಹಿಡೀಲಿಲ್ಲ,” ಎಂದಳು ಈರಮ್ಮ.

ಪಕ್ಕದಲ್ಲೇ ನಿಂತಿದ್ದ ದಿನಕರನಿಗೆ ಅದು ತನಗೆ ಕೇಳಲೆಂದೇ ಹೇಳಿದ ಮಾತೆಂದು ಗೊತ್ತಾಯಿತು. ಅವಳ ಅಂಗೈಯಲ್ಲಿ ಹಲಸಿನ ಹಳದಿ ಸಿಬಿರು ಚುಚ್ಚಿತ್ತು. ಪಟ್ಟಿ ಸೀಳಿಕೊಂಡು ಕಿತ್ತು ಬರುವವರೆಗೆ ಅವಳು ಹಿಡಿದ ಕೈ ಬಿಟ್ಟಿರಲಿಲ್ಲ. ತಾಯಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತನ್ನನ್ನು ಉಳಿಸಲು ಸುಳ್ಳು ಹೇಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಮಾರನೆಯ ದಿನ ಮೊದಲ ಬಸ್ಸಿಗೆ ಭಟ್ಕಳಕ್ಕೆ ಹೋದ.

ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ದಿನಕರ ಯಾರನ್ನೂ ನೋಡಲಿಲ್ಲ. ಗನ್ನನ್ನು ಗಾಜಿನ ಮೇಲೆ ಕುಕ್ಕಿದ. ಕಾಗದದಲ್ಲಿ ಕಟ್ಟಿ ತಂದಿದ್ದ ಸೊಟ್ಟ ಮೊಳೆಗಳನ್ನು ಅದರ ಮುಂದೆ ಸುರಿದ.

“ಮೊಳೆಯಾ ಇದು? ಮೀನಿನ ಮುಳ್ಳು ಮಾರ್ತ್ರಾ ನೀವು? ಹಗಲು ದರೋಡೆ ಮಾಡೂಕೆ ಬಿಳಿ ಗಡ್ಡ ಬೇರೆ!”

ಸಾಹೇಬರು ಒಂದು ಮೊಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಚೌಕಟ್ಟಿನ ಪಟ್ಟಿಗೆ ಹೊಡೆದ ಮೊಳೆ ಹೀಗೆ ಬಗ್ಗೂದಿಲ್ಲ. ಆ ಪಟ್ಟಿಗೆ ಭಾರವೇ ಇಲ್ಲ. ಎಂತದಕ್ಕೆ ಹೊಡೆದ್ರಿ?”

“ಹೇಳಿದ್ನಲ್ಲ, ಪಟ್ಟಿಗೆ!”

“ಯಾವ ಪಟ್ಟಿಗೆ? ಆವತ್ತು ಮೂರು ಸಲ ಕೇಳ್ದೆ ನಾನು. ಇವತ್ತಾದ್ರೂ ಹೇಳಿ.”

ದಿನಕರ ಬಾಯಿ ತೆರೆದ. ಆಗ ಅವನ ಕಣ್ಣು ಪಕ್ಕಕ್ಕೆ ಹೋಯಿತು. ಬಾಗಿಲ ತಿರುಗಣೆ ಆರಿಸುತ್ತ ನಿಂತಿದ್ದವನು ಹಿರೇಗುತ್ತಿಯ ಹರೀಶ, ಮರಗೆಲಸದವನು. ಭಟ್ಕಳದಲ್ಲಿ ಯಾರದೋ ಮನೆಯ ಕೆಲಸ ಹಿಡಿದಿದ್ದ. ಹರೀಶನ ಹೆಂಡತಿ ಜಯಶ್ರೀ ಬಾಡದ ಹುಡುಗಿ, ಸೋಮಿಯ ತಮ್ಮನ ಮಗಳು. ಇವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಬಾಡ ಮುಟ್ಟುತ್ತದೆ. ಹರೀಶನೂ ಅವನನ್ನು ನೋಡಿದ. “ಎಂತ ದಿನಕರಣ್ಣ, ಇಷ್ಟು ದೂರ?” ಎಂದ.

ಗನ್ನು, ಮೊಳೆ ಎಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡು ಹೊರಟು ಬರಬಹುದಿತ್ತು. ಇನ್ನೊಂದು ಊರು, ಇನ್ನೊಂದು ಅಂಗಡಿ, ಇನ್ನೊಂದು ಸುಳ್ಳು. ಆದರೆ ಗುಟ್ಟು ಕಾಯಲು ಹೇಳಿದ ಒಂದು ‘ಹೌದು, ಅದೇ’ ತಾಯಿಯ ಕೈ ಮುರಿದಿತ್ತು. ಇನ್ನೊಂದು ಏನು ಮುರಿಯುತ್ತದೋ. ಸಾಹೇಬರು ತಾಳ್ಮೆಯಿಂದ ಕಾಯುತ್ತಿದ್ದರು. ಅವರ ಮೇಲೆ ಇದ್ದ ಸಿಟ್ಟು ಎಲ್ಲಿ ಹೋಯಿತೋ ದಿನಕರನಿಗೇ ತಿಳಿಯಲಿಲ್ಲ. ಅಲ್ಲೇ ಇದ್ದ ಪೇಂಟ್ ಡಬ್ಬಿಯ ಮೇಲೆ ಕೂತ.

“ಕೈಪಟ್ಟಿ,” ಎಂದ. “ನಮ್ಮ ಆಯಿಗೆ ಕಣ್ಣು ಕಾಣೂದಿಲ್ಲ. ಎರಡೂ ಇಲ್ಲ. ಹಿಡ್ಕಂಡು ಬಚ್ಚಲಿಗೆ ಹೋಗೂಕೆ ಪಟ್ಟಿ ಹೊಡೆದೆ. ಅದು ಕಿತ್ತು ಬಂತು. ಬಿದ್ದು ಕೈ ಮುರ್ಕಂಡ್ಳು.”

ಹರೀಶ ಕೈಯಲ್ಲಿದ್ದ ತಿರುಗಣೆಯನ್ನು ಕೆಳಗಿಟ್ಟ.

“ಮನುಷ್ಯ ಜಗ್ಗೂ ಪಟ್ಟಿ ಅಂದಿದ್ರೆ ಇದನ್ನ ನಾ ಕೊಡ್ತಿದ್ನಾ ಭಾಯ್?” ಎಂದರು ಸಾಹೇಬರು. ಅವರ ದನಿಯಲ್ಲೂ ನೋವಿತ್ತು. “ದೊಡ್ಡ ಗನ್ನೂ ಕೊಡ್ತಿರ್ಲಿಲ್ಲ. ಜೀವ ಜೋತು ಬೀಳೂ ಕಡೆ ಬರೀ ಮೊಳೆ ನಂಬಬಾರ್ದು. ಗೂಟಕ್ಕೆ ತೂತು ಕೊರೆದು ಆರ್‌ಪಾರ್ ಬೋಲ್ಟು ಹಾಕ್ಬೇಕು, ತುಕ್ಕು ಹಿಡೀದ್ದು. ಈ ಸಣ್ಣ ಗನ್ ಮೊದ್ಲು ಪಟ್ಟಿಯನ್ನ ಜಾಗದಲ್ಲಿ ನಿಲ್ಲಿಸೂಕೆ ಮಾತ್ರ. ಒಬ್ರು ಹಿಡ್ಕಂಡು ನಿಂತ ಹಾಂಗೆ. ಆಮೇಲೆ ಬೋಲ್ಟು.”

“ಕೊರೂಕೆ ಇನ್ನೊಂದು ಕೈ ಬೇಕು,” ಎಂದ ದಿನಕರ, ನೆಲ ನೋಡುತ್ತ. ಅದನ್ನೂ ಅವನು ಯಾರಿಗೂ ಹೇಳಿದವನಲ್ಲ.

“ನನ್ನ ಹತ್ರ ಡ್ರಿಲ್ ಅದೆ,” ಎಂದ ಹರೀಶ. “ಭಾನುವಾರ ಬತ್ತೆ.”

ಭಾನುವಾರ ಹರೀಶ ಬಂದ. ದಿನಕರ ಗನ್ನಿನಿಂದ ಪಟ್ಟಿ ನಿಲ್ಲಿಸುತ್ತ ಹೋದ, ಹರೀಶ ಹಿಂದಿನಿಂದ ತೂತು ಕೊರೆದು ಬೋಲ್ಟು ಬಿಗಿಯುತ್ತ ಬಂದ. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹಿಂಬಾಗಿಲ ಹೊಸ್ತಿಲಲ್ಲಿ ಕೂತಿದ್ದ ಈರಮ್ಮನಿಗೆ ಎರಡು ಜೋಡಿ ಕಾಲಿನ ಸದ್ದು ಕೇಳಿಸಿತು.

“ದಿನಕರ, ಯಾರದು?”

ಸುಚಿತಾ ಒಳಗಿಂದ ಏನೋ ಹೇಳಲು ಬಂದಳು. ದಿನಕರ ಕೈಯೆತ್ತಿ ತಡೆದ.

“ಹಿರೇಗುತ್ತಿ ಹರೀಶ. ನಿಂಗೆ ಪಟ್ಟಿ ಹೊಡೂಕೆ ಬಂದದ್ದು. ಅವನಿಗೆ ಗೊತ್ತದೆ. ನಾನೇ ಹೇಳ್ದೆ.”

ಈರಮ್ಮ ಎಡಗೈಯಲ್ಲಿ ಗೋಡೆ ಸವರುತ್ತ ಎದ್ದು ಒಳಗೆ ಹೋದಳು. ಆ ದಿನ ಉಣ್ಣಲಿಲ್ಲ. ಮಾರನೆಯ ದಿನ ಸೊಸೆ ಬಲವಂತ ಮಾಡಿ ಮಾತ್ರೆ ಕೊಟ್ಟು ಎರಡು ತುತ್ತು ತಿನ್ನಿಸಿದಳು. ಮಗನ ಹತ್ತಿರ ಒಂದು ಮಾತಿಲ್ಲ. ಹೊಸ ಪಟ್ಟಿಯನ್ನು ಮುಟ್ಟಲೂ ಇಲ್ಲ. ಸುಚಿತಾ ಕೈ ಹಿಡಿದು ಕರೆದೊಯ್ದರೆ ಹೋದಳು, ಇಲ್ಲದಿದ್ದರೆ ಇಲ್ಲ. ಹಾಸಿಗೆಯ ಪಕ್ಕದ ತಂಬಿಗೆ ಮತ್ತೆ ತುಂಬಿದ ಹಾಗೇ ಉಳಿಯಿತು. ದಿನಕರ ಒಬ್ಬನೇ ಹಿತ್ತಲಿಗೆ ಹೋಗಿ ಪ್ರತಿ ಗೂಟದ ಹತ್ತಿರ ನಿಂತು ತನ್ನ ಭಾರವನ್ನೆಲ್ಲ ಹಾಕಿ ಪಟ್ಟಿಯನ್ನು ಜಗ್ಗಿದ. ಅದು ಮಿಸುಕಲಿಲ್ಲ. ಗಟ್ಟಿಯಾದದ್ದನ್ನು ಮಾಡಿಸಿದೆ, ಹಿಡಿಯುವವಳನ್ನೇ ಕಳೆದುಕೊಂಡೆ ಎಂದು ಅವನಿಗೆ ಅನ್ನಿಸಿತು.

ಮೂರನೆಯ ದಿನ ಸೋಮಿ ಬಂದಳು. ಈ ಸಲ ಸುಚಿತಾ ಸೀರೆಯ ಬಣ್ಣ ಕೂಗಲಿಲ್ಲ. ಸೋಮಿ ಜಗಲಿ ಹತ್ತಿ ಈರಮ್ಮನ ಕಿವಿಯ ಹತ್ತಿರ ಬಾಗಿ ಊರಿಗೇ ಕೇಳುವಂತೆ ಕೂಗಿದಳು:

“ಈರಮ್ಮಾ! ನಾನೇ! ಸೋಮೀ!”

“ಕಣ್ಣು ಹೋದದ್ದು ಕಣೇ, ಕಿವಿ ಅಲ್ಲ!” ಎಂದು ಈರಮ್ಮ ಅದಕ್ಕಿಂತ ಜೋರಾಗಿ ಕೂಗಿದಳು.

ಸೋಮಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಅವಳಿಗೂ ರೇಗಿತು. “ಒಂದೂವರೆ ವರ್ಷ ನನ್ನ ಸೀರೆ ಚಂದ, ಚಂದ ಅಂದ್ಯಲ್ಲೇ! ಸುಳ್ಳೀ! ಅದನ್ನ ನಂಬ್ಕಂಡು ಆ ಹಸಿರು ಸೀರೆ ಮೂರು ಮದುವೆಗೆ ಉಟ್ಟೆ ನಾನು!”

“ಚಂದ ಇರ್ಲಿಲ್ವಾ?”

“ಎಲ್ಲಿ ಚಂದ! ಮನೇಲಿ ಎಲ್ಲರೂ ನಗಾಡಿದ್ರು.”

ಈರಮ್ಮನ ಬಾಯಿ ಅಲುಗಿತು. ನಗುವೋ ಅಳುವೋ ದೂರದಿಂದ ಗೊತ್ತಾಗುವಂತಿರಲಿಲ್ಲ. ಸೋಮಿ ಅವಳ ಪಕ್ಕ ಕೂತಳು. ಇಬ್ಬರೂ ಬಹಳ ಹೊತ್ತು ಕೂತಿದ್ದರು. ಸೋಮಿ ಮೆಲ್ಲಗೆ ಏನೋ ಕೇಳುತ್ತಿದ್ದಳು, ಈರಮ್ಮ ಮೆಲ್ಲಗೆ ಉತ್ತರಿಸುತ್ತಿದ್ದಳು. ಒಮ್ಮೆ ಸೋಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರಮ್ಮನಿಗೆ ಅದು ಕಾಣಲಿಲ್ಲ, ಆದರೂ “ಅಳಬ್ಯಾಡ, ಸಾಕು,” ಎಂದಳು.

ಸೋಮಿ ಹೋದ ಮೇಲೆ ಈರಮ್ಮ ತಾನಾಗಿ ಎದ್ದು ಹಿಂಬಾಗಿಲಿಗೆ ನಡೆದಳು. ಎಡಗೈಯನ್ನು ಪಟ್ಟಿಯ ಮೇಲಿಟ್ಟು, ಬೋಲ್ಟಿನ ತಲೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು. ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು, ಹಳೆಯ ಸಿಟ್ಟೆಲ್ಲ ತೀರಿಸುವವಳಂತೆ ಎರಡು ಸಲ ಪಟ್ಟಿಯನ್ನು ಜಗ್ಗಿದಳು. ಬಚ್ಚಲವರೆಗೆ ಹೋಗಿ ತಿರುಗಿ ಬಂದಳು. ಹಿತ್ತಲ ತೆಂಗಿನ ಬುಡದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ದಿನಕರನ ಕಡೆಗೆ ಸರಿಯಾಗಿ ಮುಖ ಮಾಡಿದಳು.

“ಅಲ್ಲಿ ನಿಂತು ಎಂತ ನೋಡ್ತೆ? ಬಾ ಇಲ್ಲಿ.”

ಅವನು ಬಂದ.

“ನಂಗೆ ಕೇಳ್ದೆ ಮಂದಿಗೆ ಹೇಳ್ದೆ ನೀನು.”

“ಹೌದು.”

“ಅದನ್ನ ನಾ ಮರಿಯೂದಿಲ್ಲ.”

“ಆತು.”

ಅವಳು ಪಟ್ಟಿಯ ಮೇಲೆ ಕೈಯಾಡಿಸಿದಳು.

“ಇದನ್ನ ಬಚ್ಚಲಿಗೇ ಎಂತಕ್ಕೆ ನಿಲ್ಸಿದ್ದು?”

“ಅಲ್ಲೀವರೆಗೇ ಅಲ್ವಾ ಆಯಿ ಬೇಕಾದ್ದು?”

“ಅಡಗಿ ಕೂರೂಕೆ ಅಷ್ಟು ಸಾಕಿತ್ತು. ಈಗ ಎಲ್ಲರಿಗೂ ಗೊತ್ತಾತಲ್ಲ! ಎದುರು ಬಾಗಿಲಿಂದ ರಸ್ತೆವರೆಗೆ ಇನ್ನೊಂದು ಹೊಡಿ. ಬೆಳಿಗ್ಗೆ ಮೀನು ಹೊತ್ಕಂಡು ಹೋಗೂ ಹೆಂಗಸ್ರನ್ನ ಅಲ್ಲೇ ನಿಲ್ಲಿಸ್ತೆ. ಕಿವಿರು ಎತ್ತಿ ಬೆರಳಿಟ್ರೆ ತಾಜಾನೋ ಹಳತೋ ನಂಗೆ ಗೊತ್ತಾಗ್ತದೆ. ನಿನ್ನ ಹೆಂಡ್ತಿ ತರೂ ಮೀನು ಉಂಡು ಉಂಡು ಬಾಯಿ ಸತ್ತೋಗದೆ.”

“ನಾನು ಕೇಳಿಸ್ಕಂಡೆ ಅತ್ತೆ,” ಎಂದಳು ಸುಚಿತಾ ಅಡುಗೆಮನೆಯಿಂದ.

“ಕೇಳ್ಲಿ ಅಂತ್ಲೇ ಹೇಳಿದ್ದು.”

ದಿನಕರ ಒಳಗೆ ಹೋಗಿ ಅಳತೆಯ ಟೇಪು ತಂದ. ಮೂವರೂ ಎದುರಿನ ಬಾಗಿಲಿಗೆ ಬಂದರು. ಟೇಪಿನ ತುದಿ ಹಿಡಿಯಲು ಸುಚಿತಾ ಕೈ ಚಾಚಿದಳು. ಅವನು ಅದನ್ನು ತಾಯಿಯ ಎಡಗೈಗೆ ಕೊಟ್ಟು, ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿಯಲು ಹೇಳಿ, ಬಿಚ್ಚುತ್ತ ರಸ್ತೆಯ ಕಡೆ ನಡೆದ.

“ಹಿಡ್ದಿದ್ಯಾ ಆಯಿ?”

“ಹಿಡ್ದಿದ್ದೆ. ನೀ ಹೋಗು,” ಎಂದಳು ಈರಮ್ಮ.